ಬೆಂಗಳೂರಿನಲ್ಲಿ ನಾಯಿ ಸಾಕುವುದು: ಮನೆಗೆ ತರುವ ಮುಂಚಿನಿಂದ ಶುರು ಮಾಡಿ ಒಂದೊಂದೇ ಹೆಜ್ಜೆ

ನಮ್ಮ ಮನೆಯ ನಾಯಿಯ ಹೆಸರು ಕೆಂಚಿ. ವಯಸ್ಸು ಆರು, ತೂಕ 18 ಕೆ.ಜಿ. ಬೀದಿಯಲ್ಲಿ ಹುಟ್ಟಿದ ಕೆಂಪು ಬಣ್ಣದ ಹೆಣ್ಣು ನಾಯಿ. ಹನುಮಂತನಗರದ ಒಂದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ನಮ್ಮ ಜೊತೆ ಇದ್ದಾಳೆ. ಅವಳು ಬಂದ ಮೇಲೆ ಗೆಳೆಯರು, ಆಫೀಸಿನವರು, ಪಕ್ಕದ ಬೀದಿಯವರು ಎಲ್ಲರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ: "ಯಾವ ಜಾತಿ ನಾಯಿ ತಗೊಳ್ಳಲಿ?" ನಾನು ತಿರುಗಿ ಕೇಳುವುದು: "ನಿಮ್ಮ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಯಾರು ಏಳ್ತಾರೆ?"

ಈ ಊರಿನಲ್ಲಿ ನಾಯಿ ಸಾಕಲು ದುಡ್ಡು ಬೇಕು, ಜಾಗ ಬೇಕು, ನಿಜ. ಆದರೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಹೊತ್ತು. ದಿನಕ್ಕೆ ಎರಡು ಹೊತ್ತು ನಿಮ್ಮದಲ್ಲ, ಅದರದ್ದು. ಅದು ಸಿಕ್ಕಿದ ನಾಯಿ ಚಿಕ್ಕ ಮನೆಯಲ್ಲೂ ಸುಖವಾಗಿರುತ್ತದೆ. ಸಿಗದ ನಾಯಿ ದೊಡ್ಡ ಬಂಗಲೆಯಲ್ಲೂ ಗೇಟಿನ ಹತ್ತಿರ ನಿಂತು ದಿನವಿಡೀ ಬೊಗಳುತ್ತದೆ.

1. ಮೊದಲು ಒಂದು ಹಾಳೆ ತಗೊಳ್ಳಿ

ಹಾಳೆಯ ಮೇಲೆ ವಾರದ ಏಳು ದಿನ ಬರೆಯಿರಿ. ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಹೊರಡುತ್ತಾರೆ, ಎಷ್ಟಕ್ಕೆ ಬರುತ್ತಾರೆ ಅಂತ ಗುರುತು ಮಾಡಿ. ಬೆಳೆದ ನಾಯಿಗೆ ಬೆಳಗ್ಗೆ ಅರ್ಧ ಮುಕ್ಕಾಲು ಗಂಟೆ, ಸಂಜೆ ಅಷ್ಟೇ ಹೊತ್ತು ಓಡಾಟ ಬೇಕು. ಎರಡು ಹೊತ್ತು ಊಟ ಬೇಕು. ಒಂದೇ ಸಮ ಐದಾರು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬಾರದು. ಮರಿಯಾದರೆ ಎರಡು ಗಂಟೆಗೊಮ್ಮೆ ಉಚ್ಚೆಗೆ ಕರೆದುಕೊಂಡು ಹೋಗಬೇಕು, ರಾತ್ರಿಯೂ ಒಂದೆರಡು ಸಲ ಏಳಬೇಕು.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಎಂಟೂವರೆಗೆ ಬಾಗಿಲು ಹಾಕಿದರೆ, ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟು. ಅಲ್ಲಿಗೆ ಹನ್ನೊಂದೂವರೆ ಗಂಟೆ. ಮಧ್ಯಾಹ್ನ ಬಂದು ಒಂದು ಸುತ್ತು ಕರೆದುಕೊಂಡು ಹೋಗುವವರು ಯಾರೂ ಇಲ್ಲ ಅಂದರೆ ಈಗ ಬೇಡ. ಮೂರು ವರ್ಷ ಬಿಟ್ಟು ತನ್ನಿ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಬಾಲ್ಕನಿಯ ಕಂಬಿಗೆ ಮೂತಿ ಒತ್ತಿಕೊಂಡು ರಸ್ತೆ ನೋಡುತ್ತಾ ಸಂಜೆವರೆಗೂ ಅಳುವ ನಾಯಿಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

"ನಾನು ನೋಡ್ಕೋತೀನಿ, ಪ್ರಾಮಿಸ್" ಅಂತ ಎಂಟನೇ ಕ್ಲಾಸಿನ ಮಗ ಹೇಳಿದರೆ ಸಂತೋಷ ಪಡಿ, ಆದರೆ ಹಾಳೆಯಲ್ಲಿ ಅವನ ಹೆಸರು ಬರೆಯಬೇಡಿ. ನಾಯಿ ಹತ್ತು, ಹದಿಮೂರು ವರ್ಷ ಬದುಕುತ್ತದೆ. ಅಷ್ಟರಲ್ಲಿ ಅವನು ಟ್ಯೂಷನ್, ಪಿಯುಸಿ, ಹಾಸ್ಟೆಲ್ ಎಲ್ಲ ಮುಗಿಸಿ ಕೆಲಸಕ್ಕೂ ಸೇರಿರುತ್ತಾನೆ.

ಮನೆಯ ಹಿರಿಯರನ್ನು ಕೇಳದೆ ತರಬೇಡಿ. ನಮ್ಮಮ್ಮ ಮಡಿ ಇಟ್ಟುಕೊಂಡವರು. ಅವರ ಒಂದೇ ಷರತ್ತು, ದೇವರ ಮನೆಗೂ ಅಡುಗೆ ಮನೆಗೂ ನಾಯಿ ಬರಬಾರದು. ಎರಡೂ ಬಾಗಿಲಿಗೆ ಮೊಣಕಾಲೆತ್ತರದ ಮರದ ಅಡ್ಡಗಟ್ಟೆ ಮಾಡಿಸಿದೆವು. ಕೆಂಚಿ ಈಗ ಅದನ್ನು ಸುಲಭವಾಗಿ ಹಾರಬಲ್ಲಳು. ಆರು ವರ್ಷದಲ್ಲಿ ಒಂದು ಸಲವೂ ಹಾರಿಲ್ಲ. ಚಿಕ್ಕವಳಿದ್ದಾಗ ಕಲಿತ ಗೆರೆ ಅದು.

2. ಓನರ್ ಹತ್ತಿರ ಮೊದಲೇ ಮಾತಾಡಿ

ಬಾಡಿಗೆ ಮನೆಯವರಿಗೆ ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಬಚ್ಚಿಟ್ಟು ತರುವುದು ಬೇಡವೇ ಬೇಡ. ಒಂದು ವಾರದಲ್ಲಿ ಗೊತ್ತಾಗುತ್ತದೆ, ಆಮೇಲೆ ಮನೆ ಖಾಲಿ ಮಾಡುವುದಾ, ನಾಯಿ ಬಿಡುವುದಾ ಅನ್ನುವ ಇಕ್ಕಟ್ಟು. ಎಷ್ಟೋ ನಾಯಿಗಳು ಬೀದಿಗೆ ಬೀಳುವುದು ಇಲ್ಲೇ.

ನಾವು ಈಗಿನ ಮನೆಗೆ ಬರುವಾಗ ಓನರ್ ಆಂಟಿ ನೇರವಾಗಿ ಕೇಳಿದರು: "ನಾಯಿ ಇದ್ಯಾ? ಹಾಗಿದ್ರೆ ಆಗಲ್ಲಪ್ಪ. ಹಿಂದಿನವರು ಮೆಟ್ಟಿಲೆಲ್ಲ ಗಬ್ಬೆಬ್ಬಿಸಿ ಹೋದರು."

ನಾನು ವಾದ ಮಾಡಲಿಲ್ಲ. "ಆಂಟಿ, ನಾಳೆ ಅವಳನ್ನ ಕರ್ಕೊಂಡು ಬರ್ತೀನಿ, ಹತ್ತು ನಿಮಿಷ ನೋಡಿ. ಆಮೇಲೂ ಬೇಡ ಅಂದ್ರೆ ಬೇಡ" ಅಂದೆ. ಮಾರನೇ ದಿನ ಕೆಂಚಿಯ ಲಸಿಕೆ ಪುಸ್ತಕ, ಹಳೇ ಓನರ್ ಫೋನ್ ನಂಬರ್ ಎರಡೂ ತೆಗೆದುಕೊಂಡು ಹೋದೆ. ಅವಳನ್ನು ಮೊದಲೇ ಒಂದು ಗಂಟೆ ಓಡಾಡಿಸಿ ಸುಸ್ತು ಮಾಡಿಸಿದ್ದೆ. ಆಂಟಿ ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ಚಪ್ಪಲಿ ಸ್ಟ್ಯಾಂಡ್ ಪಕ್ಕ ಮಲಗಿದ್ದಳು. ಅಗ್ರಿಮೆಂಟಿನಲ್ಲಿ ಎರಡು ಸಾಲು ಸೇರಿಸಿದೆವು: ನಾಯಿ ಇರಲು ಒಪ್ಪಿಗೆ ಇದೆ, ನಾಯಿಯಿಂದ ಬಾಗಿಲು, ಗೋಡೆಗೆ ಆದ ಹಾನಿಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಬಹುದು. ಬಾಯಿ ಮಾತಿನಲ್ಲಿ ಬಿಡಬೇಡಿ. ಈ ಎರಡು ಸಾಲು ಬರಹದಲ್ಲಿರಲಿ.

ಅಪಾರ್ಟ್‌ಮೆಂಟ್ ವಿಷಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘವು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ. ಇದರ ಒಂದು ಪ್ರತಿ ಇಟ್ಟುಕೊಂಡಿರಿ. ಆದರೆ ಮೊದಲ ಮೀಟಿಂಗಿನಲ್ಲೇ ಅದನ್ನು ಮುಖಕ್ಕೆ ಹಿಡಿಯಬೇಡಿ. ಲಿಫ್ಟಿನಲ್ಲಿ ಹೆದರುವ ಅಜ್ಜಿಯೋ ಮಗುವೋ ಇದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ. ನೀವು ಕಾಯುವ ಆ ಒಂದು ನಿಮಿಷ ನಾಯಿಗೆ ಹತ್ತು ಜನ ಸ್ನೇಹಿತರನ್ನು ಮಾಡಿಕೊಡುತ್ತದೆ.

3. ಈಗ ಕೇಳಿ, ಯಾವ ನಾಯಿ?

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಬೆಂಗಳೂರಿಗೆ ಬೀದಿಯಲ್ಲಿ ಹುಟ್ಟಿದ ಇಂಡೀ ನಾಯಿಯಷ್ಟು ಹೊಂದುವ ನಾಯಿ ಇನ್ನೊಂದಿಲ್ಲ. ಕೂದಲು ಗಿಡ್ಡ, ಇಲ್ಲಿಯ ಬಿಸಿಲು ಮಳೆ ಎರಡೂ ಗೊತ್ತು, ಬುದ್ಧಿ ಚುರುಕು. ಪಾಲಿಕೆಯ 2023ರ ಎಣಿಕೆಯಲ್ಲಿ ನಗರದ ಬೀದಿ ನಾಯಿಗಳು ಸುಮಾರು 2.79 ಲಕ್ಷ. 2019ರಲ್ಲಿ 3.10 ಲಕ್ಷ ಇದ್ದವು. ಅಷ್ಟರಲ್ಲಿ ಒಂದು ನಿಮ್ಮ ಮನೆ ಸೇರಿದರೆ ಅದರ ಬದುಕೇ ಬೇರೆಯಾಗುತ್ತದೆ ಅಲ್ವಾ? 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ದತ್ತು ಕೊಡುತ್ತಾರೆ. ಮನೆ ನೋಡಲು ಬರುತ್ತಾರೆ, ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ಕೇಳುವುದು ಒಳ್ಳೆಯದೇ.

ಮರಿಯೇ ಬೇಕು ಅಂತ ಹಟ ಬೇಡ. ಎರಡು ಮೂರು ವರ್ಷದ ನಾಯಿಯ ಸ್ವಭಾವ ನಿಮಗೆ ಮೊದಲೇ ಗೊತ್ತಿರುತ್ತದೆ, ಉಚ್ಚೆ ಕಕ್ಕದ ಪಾಠವೂ ಬೇಗ ಮುಗಿಯುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದೇ ಸರಿ.

ಮುಧೋಳ ನಾಯಿ ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಅಂಚೆಚೀಟಿ ತಂದಿತು. ಆದರೆ ಅದು ಬಯಲಿನಲ್ಲಿ ಬೇಟೆಯ ಹಿಂದೆ ಓಡಲು ಹುಟ್ಟಿದ ಪ್ರಾಣಿ. ಬೆಕ್ಕು ಕಂಡರೆ ಕೈಯಲ್ಲಿನ ಲೀಷ್ ಕಿತ್ತುಕೊಂಡು ಹೋಗುವ ಶಕ್ತಿ ಅದಕ್ಕಿದೆ. ಓಡಲು ಸುತ್ತುಗೋಡೆ ಇರುವ ಜಾಗವಿಲ್ಲದಿದ್ದರೆ, ಬರೀ ಹೆಮ್ಮೆಗಾಗಿ ತರಬೇಡಿ.

ಹಸ್ಕಿ, ಸೇಂಟ್ ಬರ್ನಾರ್ಡ್ ಹಿಮದ ನಾಡಿನವು. ನಮ್ಮ ಏಪ್ರಿಲ್‌ನಲ್ಲಿ ಅವನ್ನು ಇಟ್ಟುಕೊಳ್ಳುವುದು ಅನ್ಯಾಯ. ಪಗ್ ಮತ್ತು ಬುಲ್‌ಡಾಗ್‌ಗಳ ಚಪ್ಪಟೆ ಮೂಗಿನಲ್ಲಿ ಉಸಿರಾಟವೇ ಕಷ್ಟ, ಸೆಖೆಯಲ್ಲಿ ಇನ್ನೂ ಕಷ್ಟ. ರಾಟ್‌ವೀಲರ್, ಪಿಟ್‌ಬುಲ್ ಥರದ 23 ತಳಿಗಳನ್ನು ನಿಷೇಧಿಸಿ ಎಂಬ ಕೇಂದ್ರದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಮೊದಲ ಸಲ ನಾಯಿ ಸಾಕುವವರು ಅಂಥ ನಾಯಿ ತರಬಾರದು ಅನ್ನುವುದು ನನ್ನ ಗಟ್ಟಿ ಮಾತು.

ದುಡ್ಡು ಕೊಟ್ಟೇ ತರುವುದಾದರೆ, 2017ರ ನಿಯಮದ ಪ್ರಕಾರ ಸಾಕಿ ಮಾರುವವರಿಗೆ ನೋಂದಣಿ ಇರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದವರ ಹತ್ತಿರ, ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡವರ ಹತ್ತಿರ ತಗೊಳ್ಳಬೇಡಿ.

4. ಮೊದಲ ವಾರ

ಸಾಮಾನು ಜಾಸ್ತಿ ಬೇಡ. ಎರಡು ಸ್ಟೀಲ್ ಬಟ್ಟಲು, ಎದೆಗೆ ಹಾಕುವ ಹಾರ್ನೆಸ್, ಐದಡಿಯ ಲೀಷ್, ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರುವ ಕೊರಳ ಬೆಲ್ಟ್, ಮಲಗಲು ಹಳೇ ಕಂಬಳಿ. ಕಬ್ಬಿಣದ ಚೈನ್ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ತೀರ ಗಿಡ್ಡವಾದ, ತೀರ ಭಾರವಾದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧವೇ.

ಉಚ್ಚೆ ಕಕ್ಕ ಕಲಿಸುವುದು ಸುಲಭ, ತಾಳ್ಮೆ ಬೇಕು ಅಷ್ಟೇ. ಮರಿ ಎದ್ದ ತಕ್ಷಣ, ತಿಂದ ಹತ್ತು ಹದಿನೈದು ನಿಮಿಷಕ್ಕೆ, ಆಟ ನಿಲ್ಲಿಸಿದ ಕೂಡಲೇ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಅಲ್ಲಿ ಮಾಡಿದರೆ ಅಲ್ಲೇ, ಆ ಕ್ಷಣವೇ ಮೆಚ್ಚಿ ಒಂದು ಚೂರು ತಿಂಡಿ ಕೊಡಿ. ನೆಲದ ಮೇಲೆ ಮಾಡಿದರೆ ಸುಮ್ನೆ ಒರೆಸಿ. ಮೂತಿ ತಂದು ಅದಕ್ಕೆ ಉಜ್ಜುವುದು, ಪೇಪರ್ ಸುತ್ತಿ ಹೊಡೆಯುವುದು ನಮ್ಮ ಕಡೆ ಹಳೇ ಪದ್ಧತಿ. ಇದರಿಂದ ಮರಿ ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಸೋಫಾ ಹಿಂದೆ ಮಾಡುವುದು. ಒರೆಸಿದ ಮೇಲೆ ನೀರಿಗೆ ವಿನೆಗರ್ ಬೆರೆಸಿ ಮತ್ತೊಮ್ಮೆ ಒರೆಸಿ. ವಾಸನೆ ಉಳಿದರೆ ಮತ್ತೆ ಅಲ್ಲೇ ಮಾಡುತ್ತದೆ.

ಹುಟ್ಟಿ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿ ಲೋಕವನ್ನು ಹೆದರಿಕೆಯಿಲ್ಲದೆ ನೋಡುತ್ತದೆ. ಲಸಿಕೆ ಮುಗಿಯದೆ ನೆಲಕ್ಕೆ ಬಿಡುವ ಹಾಗಿಲ್ಲ, ಆದರೆ ಎತ್ತಿಕೊಂಡು ಹೋಗಬಹುದು. ಆಟೋ ಸದ್ದು, ಕುಕ್ಕರ್ ವಿಷಲ್, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಹೂವಿನವಳ ಕೂಗು, ಕಸದ ಗಾಡಿಯ ಹಾಡು, ಎಲ್ಲ ಈ ವಯಸ್ಸಿನಲ್ಲಿ ಪರಿಚಯವಾಗಲಿ. ಕಾಲು, ಕಿವಿ, ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸವೂ ಈಗಲೇ ಆಗಬೇಕು. ಇದರ ಬೆಲೆ ಆರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

5. ಡಾಕ್ಟರು ಮತ್ತು ಲಸಿಕೆ

ನಾಯಿ ಬರುವ ಮುಂಚೆಯೇ ಡಾಕ್ಟರನ್ನು ನೋಡಿಟ್ಟುಕೊಳ್ಳಿ. ಮನೆ ಹತ್ತಿರ ಒಬ್ಬರು, ಕಷ್ಟದ ಕಾಯಿಲೆಗೆ ದೊಡ್ಡ ಆಸ್ಪತ್ರೆ ಒಂದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸರ್ಕಾರದ್ದು. ಕಾಯಬೇಕಾಗುತ್ತದೆ, ಬೆಳಗ್ಗೆ ಬೇಗ ಹೋಗಿ.

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ. ಅದು ಡಿಸ್ಟೆಂಪರ್, ಪಾರ್ವೋದಂಥ ಕಾಯಿಲೆಗಳಿಗೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಡಾಕ್ಟರು ಹೇಳಿದ ಹಾಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧಿ ಮರಿಗೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿನಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ, ವಿಚಾರಿಸಿ.

ಪಾರ್ವೋ ಬಗ್ಗೆ ಒಂದು ಮಾತು. ವಾಂತಿ, ರಕ್ತ ಬೆರೆತ ಭೇದಿ, ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ವೈರಸ್ ಮಣ್ಣಿನಲ್ಲಿ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಮನೆಯಲ್ಲಿ ಹಿಂದೆ ಪಾರ್ವೋದಿಂದ ಮರಿ ಸತ್ತಿದ್ದರೆ ಲಸಿಕೆ ಮುಗಿದ ನಾಯಿಯನ್ನೇ ತನ್ನಿ.

ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು. ಜ್ವರ ಅಂದುಕೊಂಡು ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಮ್ಮ ಮಾತ್ರೆಗಳು ನಾಯಿಯ ಲಿವರ್, ಕಿಡ್ನಿಗೆ ವಿಷವಾಗಬಹುದು.

6. ಉಣ್ಣಿ

ಈ ಒಂದು ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಿ ಅಂತ ಕೈಮುಗಿದು ಕೇಳುತ್ತೇನೆ. ಬೆಂಗಳೂರಿನ ಹವೆ ನಮಗೆ ಎಷ್ಟು ಹಿತವೋ ಉಣ್ಣಿಗೂ ಅಷ್ಟೇ ಹಿತ. ವರ್ಷವಿಡೀ ಇರುತ್ತವೆ, ಮಳೆ ಬಿದ್ದು ಬಿಸಿಲು ಕಾಯ್ದಾಗ ಹೆಚ್ಚುತ್ತವೆ. ಒಂದು ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ.

ಕೆಂಚಿಗೆ ಮೂರು ವರ್ಷವಿದ್ದಾಗ, ಒಂದು ಜುಲೈನಲ್ಲಿ, ಬೆಳಗಿನ ಊಟ ಬಿಟ್ಟಳು. ಸಂಜೆಯೂ ಬಿಟ್ಟಳು. ಕಿವಿ ಬಿಸಿಯಾಗಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಟ್ಟೆ ಒತ್ತಿ ನೋಡಿ "ಗ್ಯಾಸ್ ಆಗಿದೆ" ಅಂದರು, ಸಿರಪ್ ಕೊಟ್ಟು ಕಳಿಸಿದರು. ಮೂರನೇ ದಿನ ಬೆಳಗ್ಗೆ ಅವಳು ಮಲಗುವ ಕಂಬಳಿಯ ಪಕ್ಕದ ಬಿಳಿ ಟೈಲ್ಸ್ ಮೇಲೆ ಒಂದು ಹನಿ ರಕ್ತ. ಮೂಗಿನಿಂದ ಬಂದದ್ದು. ಹೊಟ್ಟೆ ತಿರುಗಿಸಿ ನೋಡಿದರೆ ಕೂದಲಿಲ್ಲದ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ನೇರಳೆ ಚುಕ್ಕಿಗಳು. ಒಸಡು ಬೆಳ್ಳಗಾಗಿತ್ತು. ಬೇರೆ ಆಸ್ಪತ್ರೆಗೆ ಓಡಿದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 38 ಸಾವಿರ. ಎರಡು ಲಕ್ಷದ ಆಸುಪಾಸು ಇರಬೇಕಾದದ್ದು. ಉಣ್ಣಿ ಜ್ವರ. 28 ದಿನ ಮಾತ್ರೆ ನುಂಗಿಸಿದೆವು, ಉಳಿದಳು. ಮೊದಲ ದಿನವೇ ನಾನು "ರಕ್ತ ಪರೀಕ್ಷೆ ಮಾಡಿ ಸಾರ್" ಅಂತ ಕೇಳಬೇಕಿತ್ತು. ನೀವು ಕೇಳಿ. ಊಟ ಬಿಟ್ಟು, ಮೈ ಬಿಸಿ ಇದ್ದು, ಮಂಕಾಗಿರುವ ಬೆಂಗಳೂರಿನ ನಾಯಿಗೆ ಉಣ್ಣಿ ಜ್ವರದ ಅನುಮಾನವೇ ಮೊದಲು ಬರಬೇಕು.

ತಡೆಯುವುದು ಹೇಗೆ? ತಿಂಗಳಿಗೊಮ್ಮೆ ಕೊಡುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆ, ಬೆನ್ನ ಮೇಲೆ ಬಿಡುವ ಹನಿ, ಕೊರಳ ಪಟ್ಟಿ ಎಲ್ಲ ಇವೆ. ತೂಕ ನೋಡಿ ಡಾಕ್ಟರೇ ಬರೆದುಕೊಡಲಿ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಿ, ಕೆಲವು ಮಾತ್ರೆ ಅದಕ್ಕೆ ಆಗುವುದಿಲ್ಲ. ಮಾತ್ರೆ ಕೊಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ನಮ್ಮಲ್ಲಿ ಅದು ತಿಂಗಳ ಒಂದನೇ ತಾರೀಖು, ಬಾಡಿಗೆ ಕಟ್ಟುವ ದಿನವೇ.

ಮಾತ್ರೆ ಕೊಟ್ಟರೂ ದಿನಾ ಕೈಯಾಡಿಸಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನದು. ಮಡಿ ಮುಗಿದ ಮೇಲೆ, ರಾತ್ರಿ ಊಟವಾಗಿ, ಟ್ಯೂಬ್‌ಲೈಟಿನ ಕೆಳಗೆ ಕಾಲು ಚಾಚಿ ಕೂರುತ್ತಾರೆ. ಕೆಂಚಿ ಬಂದು ತಲೆಯನ್ನು ಅವರ ಮೊಣಕಾಲಿಗೆ ಇಟ್ಟು ಮಲಗುತ್ತಾಳೆ. ಮೊದಲು ಕಿವಿ ಮಡಚಿ ಒಳಗೆ, ಆಮೇಲೆ ಬೆಲ್ಟಿನ ಕೆಳಗೆ, ಕಂಕುಳು, ತೊಡೆ ಸಂದು, ಬಾಲದ ಬುಡ, ಕೊನೆಗೆ ನಾಲ್ಕೂ ಪಾದದ ಬೆರಳ ಸಂದು. ಅರವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳು ಅವು. ನಾನು ಎರಡು ಸಲ ನೋಡಿ ಏನೂ ಇಲ್ಲ ಅಂದ ಕಡೆ ಎಳ್ಳಿನಷ್ಟು ಚಿಕ್ಕ ಉಣ್ಣಿಯನ್ನು ಹಿಡಿಯುತ್ತಾರೆ.

ಕಂಡರೆ ಬರಿಗೈಯಲ್ಲಿ ಹಿಸುಕಬೇಡಿ. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರಕ್ಕೆ ನಿಧಾನವಾಗಿ ಎಳೆಯಿರಿ. ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ಕಿಡಿ ತಾಗಿಸುವುದು ಬೇಡ.

7. ಊಟ

ರಾಗಿ ಗಂಜಿ, ಮೊಸರನ್ನ ಹಾಕಿದರೆ ಸಾಕು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಾಗಿ ಒಳ್ಳೆಯದೇ, ಕೆಂಚಿಯೂ ತಿನ್ನುತ್ತಾಳೆ. ಆದರೆ ನಾಯಿಗೆ ಮುಖ್ಯವಾಗಿ ಬೇಕಿರುವುದು ಪ್ರೋಟೀನು. ಗಂಜಿ ಮಾತ್ರ ತಿಂದ ನಾಯಿ ದಪ್ಪ ಕಾಣುತ್ತದೆ, ಮೈಯಲ್ಲಿ ಕಸುವು ಇರುವುದಿಲ್ಲ, ಕೂದಲು ಉದುರುತ್ತದೆ. ಬೇಯಿಸಿದ ಕೋಳಿ, ಮೊಟ್ಟೆ, ಮೀನು ಕೊಡಿ. ಮನೆಯಲ್ಲಿ ಮಾಂಸ ಮಾಡದವರು ಒಳ್ಳೆಯ ಕಂಪನಿಯ ಒಣ ಆಹಾರ ಕೊಡಬಹುದು. ನಾವು ಮಾಡುವುದೂ ಅದನ್ನೇ: ಬೆಳಗ್ಗೆ ಅಂಗಡಿಯ ಆಹಾರ, ಸಂಜೆ ಸ್ವಲ್ಪ ಅನ್ನ ಅಥವಾ ರಾಗಿ, ಬೇಯಿಸಿದ ಕುಂಬಳಕಾಯಿ, ಮೊಟ್ಟೆ. ಮೊಟ್ಟೆಗೆ ಬಾಲ್ಕನಿಯಲ್ಲಿ ಬೇರೆ ಸ್ಟವ್ ಇದೆ. ಅವಳ ಊಟ, ಮಾತ್ರೆ ಎಲ್ಲ ಸೇರಿ ನಮಗೆ ತಿಂಗಳಿಗೆ ನಾಲ್ಕೂವರೆ ಸಾವಿರದಷ್ಟು ಆಗುತ್ತದೆ. ಡಾಕ್ಟರ ಖರ್ಚಿಗೆ ಬೇರೆ ಡಬ್ಬಿ ಇಟ್ಟಿದ್ದೇವೆ.

ಕೊಡಬಾರದ್ದು ನಮ್ಮ ಅಡುಗೆಯಲ್ಲೇ ಅಡಗಿದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ. ಒಂದು ಪ್ಲೇಟ್ ಕೇಸರಿಬಾತಿನಲ್ಲಿ, ಪಾಯಸದಲ್ಲಿ ಎಷ್ಟಿರುತ್ತವೆ ನೋಡಿ. ಈರುಳ್ಳಿ, ಬೆಳ್ಳುಳ್ಳಿ ರಕ್ತ ಕೆಡಿಸುತ್ತವೆ, ಅದಕ್ಕೇ ಉಳಿದ ಹುಳಿ, ಬಿಸಿಬೇಳೆಬಾತ್, ಪಲ್ಯ ಯಾವುದೂ ಬೇಡ. ಚಾಕೊಲೇಟ್ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ತುಂಬ ಅಪಾಯ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಬ್ಬದ ದಿನ ಬಂದ ನೆಂಟರಿಗೆ ಇದನ್ನು ಮೊದಲೇ ಹೇಳಿ. ಪ್ರೀತಿಯಿಂದಲೇ ಕೊಡುತ್ತಾರೆ, ಗೊತ್ತಿರುವುದಿಲ್ಲ.

8. ಬೀದಿಗೆ ಇಳಿದಾಗ

ಬೆಳಗ್ಗೆ ಆರು, ಸಂಜೆ ಆರೂವರೆ. ಮಳೆ ಬರಲಿ, ಮದುವೆ ಇರಲಿ, ಈ ಎರಡು ಹೊತ್ತು ತಪ್ಪಿಸಬೇಡಿ. ವೇಗವಾಗಿ ಎಳೆದುಕೊಂಡು ಹೋಗುವುದು ಓಡಾಟ ಅಲ್ಲ. ನಾಯಿ ಮೂಸಲಿ. ಒಂದು ಕಂಬದ ಹತ್ತಿರ ಎರಡು ನಿಮಿಷ ನಿಂತರೂ ಬಿಡಿ. ನಾವು ಬೆಳಗ್ಗೆ ಪೇಪರ್ ಓದುವ ಹಾಗೆ ಅದು ಬೀದಿಯ ಸುದ್ದಿ ಓದುತ್ತಿರುತ್ತದೆ.

ಬೀದಿ ನಾಯಿಗಳು ಎದುರಾದಾಗ ಓಡಬೇಡಿ, ಕಲ್ಲೆತ್ತಬೇಡಿ, ನಿಮ್ಮ ನಾಯಿಯನ್ನು ಎತ್ತಿಕೊಳ್ಳಬೇಡಿ. ನಿಂತು, ಲೀಷ್ ಸಡಿಲವಾಗಿಟ್ಟುಕೊಂಡು, ಬೇರೆ ದಿಕ್ಕಿಗೆ ತಿರುಗಿ ನಿಧಾನವಾಗಿ ನಡೆಯಿರಿ. ಪ್ರತಿ ಗುಂಪಿಗೂ ಒಂದು ಗಡಿ ಇರುತ್ತದೆ, ಹತ್ತು ದಿನ ಗಮನಿಸಿದರೆ ತಿಳಿಯುತ್ತದೆ. ನಮ್ಮ ಬೀದಿಯ ಗಡಿ ಹಾಲಿನ ಬೂತು. ಅಲ್ಲಿಗೆ ಕೆಂಚಿಯೇ ತಿರುಗಿಬಿಡುತ್ತಾಳೆ.

ಕಕ್ಕ ಎತ್ತಿ. ಇದರಲ್ಲಿ ಚರ್ಚೆಯೇ ಇಲ್ಲ. ನೀವು ಎತ್ತದೆ ಬಿಟ್ಟದ್ದನ್ನು ಏಳು ಗಂಟೆಗೆ ಬರುವ ಪೌರಕಾರ್ಮಿಕ ಅಕ್ಕ ಎತ್ತಬೇಕು. ಯಾರದೋ ನಾಯಿಯದ್ದನ್ನು ಅವರು ಯಾಕೆ ಎತ್ತಬೇಕು? ಹಳೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ. ನಾಯಿ ಕೂತಾಗಲೇ ಕೆಳಗೆ ಜಾರಿಸಿದರೆ ನೆಲವೂ ಕೊಳೆಯಾಗುವುದಿಲ್ಲ. ಮನೆಗೆ ತಂದು ಕಮೋಡಿಗೆ ಹಾಕಿ. ಹಸಿ ಕಸದ ಡಬ್ಬಕ್ಕೆ ಹಾಕಬೇಡಿ, ಅದು ಗೊಬ್ಬರಕ್ಕೆ ಹೋಗುವಂಥದ್ದು.

ಲಾಲ್‌ಬಾಗಿಗೆ ನಾಯಿ ಬಿಡುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ, ಭಾನುವಾರ ಬೆಳಗ್ಗೆ ಜಾತ್ರೆಯ ಹಾಗಿರುತ್ತದೆ. ಹೆದರುವ ನಾಯಿಯನ್ನು ಅಂಥ ದಿನ ಕರೆದುಕೊಂಡು ಹೋಗಬೇಡಿ, ವಾರದ ನಡುವೆ ಹೋಗಿ.

ನಿಮ್ಮ ನಾಯಿ ಯಾರನ್ನಾದರೂ ಕಚ್ಚಿದರೆ ವಾದಕ್ಕೆ ನಿಲ್ಲಬೇಡಿ. ಗಾಯವನ್ನು ಸೋಪು ಹಾಕಿ ನಲ್ಲಿ ನೀರಿನ ಕೆಳಗೆ ಹದಿನೈದು ನಿಮಿಷ ತೊಳೆಸಿ, ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ, ಲಸಿಕೆ ಪುಸ್ತಕ ತೋರಿಸಿ. ಖರ್ಚು ನಿಮ್ಮದು. ಭಾರತೀಯ ನ್ಯಾಯ ಸಂಹಿತೆಯ ಕಲಂ 291ರಲ್ಲಿ ಪ್ರಾಣಿಯ ಮಾಲೀಕರ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಇವೆ.

9. ಬೇಸಿಗೆ, ಮಳೆ, ಪಟಾಕಿ

2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ನಮ್ಮೂರು ತಂಪು ಅನ್ನುವ ಹಳೇ ನಂಬಿಕೆ ನಾಯಿಗೆ ನಡೆಯುವುದಿಲ್ಲ. ಟಾರು ರಸ್ತೆಯ ಮೇಲೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ನಾಲಿಗೆ ಚಾಚಿ ಜೋರಾಗಿ ಏದುಸಿರು, ಜೊಲ್ಲು, ತೂರಾಟ ಕಂಡರೆ ನೆರಳಿಗೆ ತಂದು ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಹಾಗೇ ಡಾಕ್ಟರ ಹತ್ತಿರ ಹೊರಡಿ. ನಿಂತ ಕಾರಿನಲ್ಲಿ ಐದು ನಿಮಿಷವೂ ಬಿಟ್ಟು ಹೋಗಬೇಡಿ.

ಮಳೆಗಾಲದಲ್ಲಿ ಗುಂಡಿ ನೀರು ಕುಡಿಯಲು ಬಿಡಬೇಡಿ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ನಾಯಿಯಿಂದ ನಮಗೂ ಹರಡಬಹುದು. ಅದಕ್ಕೆ ಲಸಿಕೆ ಇದೆ, ಡಾಕ್ಟರನ್ನು ಕೇಳಿ. ಮನೆಗೆ ಬಂದ ಮೇಲೆ ಬೆರಳ ಸಂದು ಒಣಗುವ ಹಾಗೆ ಒರೆಸಿ.

ದೀಪಾವಳಿಯ ಮೂರು ದಿನ ಸಂಜೆಯ ಸುತ್ತನ್ನು ನಾಲ್ಕೂವರೆಗೇ ಮುಗಿಸಿ. ಒಂದು ಒಳಕೋಣೆ, ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿ. ಹಬ್ಬಕ್ಕೆ ಒಂದು ವಾರ ಮುಂಚೆ ಡಾಕ್ಟರನ್ನು ನೋಡಿ, ತುಂಬ ಹೆದರುವ ನಾಯಿಗೆ ಔಷಧಿ ಇದೆ. ಮನೆಯೊಳಗೂ ಬಿಲ್ಲೆ ಇರುವ ಬೆಲ್ಟ್ ತೆಗೆಯಬೇಡಿ. ಬಾಗಿಲು ತೆರೆದ ಕ್ಷಣದಲ್ಲಿ ಹೆದರಿ ಓಡಿಹೋಗಿ ಕಳೆದುಹೋಗುವ ನಾಯಿಗಳು ಈ ಮೂರು ದಿನ ಜಾಸ್ತಿ. ನಡುಗುವಾಗ ಪಕ್ಕದಲ್ಲಿ ಕೂತು ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಧಾರಾಳವಾಗಿ ಕೂರಿ.

10. ಆಪರೇಷನ್

ಸಂತಾನಹರಣ ಆಪರೇಷನ್ ಮಾಡಿಸಿ. ಸಾಮಾನ್ಯವಾಗಿ ಆರು ತಿಂಗಳ ನಂತರ, ದೊಡ್ಡ ತಳಿಗಳಿಗೆ ಇನ್ನೂ ತಡವಾಗಿ, ಡಾಕ್ಟರು ಹೇಳಿದಾಗ. ಮಾಡಿಸದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ, ಅದು ಜೀವಕ್ಕೇ ಅಪಾಯ. "ಒಂದು ಸಲವಾದರೂ ಮರಿ ಹಾಕಲಿ, ಪಾಪ" ಅನ್ನುತ್ತಾರೆ. ಆ ಮರಿಗಳಿಗೆಲ್ಲ ಮನೆ ಎಲ್ಲಿದೆ?

11. ಊರಿಗೆ ಹೋಗುವಾಗ

ನಮ್ಮ ಮೆಟ್ರೋದಲ್ಲಿ ನಾಯಿ ಬಿಡುವುದಿಲ್ಲ. ರೈಲಿನಲ್ಲಿ ಫಸ್ಟ್ ಎಸಿಯ ಪೂರ್ತಿ ಕೂಪೆ ಬುಕ್ ಮಾಡಿದರೆ ಜೊತೆಯಲ್ಲೇ ಕರೆದುಕೊಂಡು ಹೋಗಬಹುದು, ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಆ ಪೆಟ್ಟಿಗೆಯಲ್ಲಿ ನಾನು ಕೆಂಚಿಯನ್ನು ಕಳಿಸಲಾರೆ. ಬಿಟ್ಟು ಹೋಗುವುದಾದರೆ ಬೋರ್ಡಿಂಗ್ ಜಾಗವನ್ನು ಮೊದಲೇ ಹೋಗಿ ನೋಡಿ. ಲಸಿಕೆ ಪುಸ್ತಕ ಕೇಳದೆ ಸೇರಿಸಿಕೊಳ್ಳುವ ಜಾಗ ಬೇಡ. ರಾತ್ರಿ ಯಾರು ಇರುತ್ತಾರೆ ಅಂತ ಕೇಳಿ. ಮೊದಲು ಒಂದು ರಾತ್ರಿ ಮಾತ್ರ ಬಿಟ್ಟು ನೋಡಿ, ಆಮೇಲೆ ನಾಲ್ಕು ದಿನ.

12. ಫ್ರಿಜ್ ಬಾಗಿಲಿನ ಕಾಗದ

ಕೊನೆಯ ಹೆಜ್ಜೆ, ಹತ್ತು ನಿಮಿಷದ ಕೆಲಸ. ಒಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ: ಹತ್ತಿರದ ಡಾಕ್ಟರ ನಂಬರ್, ರಾತ್ರಿ ತೆರೆದಿರುವ ಆಸ್ಪತ್ರೆಯ ವಿಳಾಸ, ನಾಯಿಯ ಈಗಿನ ತೂಕ, ಕೊಡುತ್ತಿರುವ ಮಾತ್ರೆ, ಕೊನೆಯ ರೇಬೀಸ್ ಲಸಿಕೆಯ ತಾರೀಖು, ನಾಯಿ ಕೂರಿಸಿಕೊಳ್ಳಲು ಒಪ್ಪುವ ಒಬ್ಬ ಆಟೋದವರ ನಂಬರ್, ನೀವಿಲ್ಲದಾಗ ಬಾಗಿಲು ತೆಗೆಯಬಲ್ಲ ಒಬ್ಬ ನೆರೆಯವರ ಹೆಸರು. ನಮ್ಮ ಕಾಗದದಲ್ಲಿ ಆ ಕೊನೆಯ ಹೆಸರು ಓನರ್ ಆಂಟಿಯದು.